ಹೊಸ ಗಾಲ್ಫ್ ಐರನ್ ಕೊಳ್ಳುವಾಗ ನಿಮ್ಮ ಕೆಟ್ಟ ಹೊಡೆತಗಳನ್ನು ನೋಡಿ

ಪ್ರಶ್ನೆ: ನನಗೆ 44 ವರ್ಷ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಎರಡು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 24, ಅಂದರೆ ಇನ್ನೂ ಕಲಿಯುವವನೇ. ಇಲ್ಲಿವರೆಗೆ ಮಾವನವರ ಹಳೆ ಬ್ಲೇಡ್ ಐರನ್‌ಗಳಲ್ಲೇ (ಹಿಂಭಾಗ ಚಪ್ಪಟೆಯಿರುವ ತೆಳು ಲೋಹದ ಕ್ಲಬ್‌ಗಳು) ಆಡಿದ್ದು. ಸರಿಯಾಗಿ ಬಿದ್ದರೆ 7 ಐರನ್ 135 ಯಾರ್ಡ್ ಹೋಗುತ್ತೆ, ಆದರೆ ಸರಿಯಾಗಿ ಬೀಳೋದೇ ಅಪರೂಪ. ಮೊನ್ನೆ ಅಂಗಡಿಯಲ್ಲಿ ಹೊಸ ಸೆಟ್ ಹಿಡಿದು ಹೊಡೆದೆ, 155 ತೋರಿಸಿತು. ಬೆಲೆ ಒಂದು ಲಕ್ಷದ ಹತ್ತಿರ. ಜೊತೆಗೆ ಆಡುವವರು ‘ತಪ್ಪು ಹೊಡೆತವನ್ನೂ ಮನ್ನಿಸುವ ಫರ್ಗಿವಿಂಗ್ ಐರನ್ ತಗೊಂಡ್ರೆ ಸ್ವಿಂಗ್ ಕಲಿಯೋದೇ ಇಲ್ಲ, ಫೋರ್ಜ್ಡ್ ತಗೋ’ ಅಂತಾರೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ 155ರ ವಿಷಯ ಮುಗಿಸಿಬಿಡೋಣ. ಆ ಕ್ಲಬ್ಬಿನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಎಷ್ಟು ಅಂತ ಕೇಳಿದಿರಾ? ಅದು ಕಡಿಮೆಯಾದಷ್ಟೂ ಬಾಲ್ ದೂರ ಹೋಗುತ್ತದೆ. ಮಾವನವರ ಕಾಲದ ಬ್ಲೇಡ್‌ನಲ್ಲಿ 7 ಐರನ್ ಸುಮಾರು 35 ಡಿಗ್ರಿ ಇರುತ್ತದೆ. ಹವ್ಯಾಸಿಗಳಿಗೆ ಸುಲಭವಾಗಲಿ ಅಂತ ಮಾಡಿದ ಇವತ್ತಿನ ಗೇಮ್ ಇಂಪ್ರೂವ್‌ಮೆಂಟ್ ಸೆಟ್‌ಗಳಲ್ಲಿ ಅದು 28ರಿಂದ 30. ಪಿಂಗ್ ಜಿ430ಯ 7 ಐರನ್ 29 ಡಿಗ್ರಿ. ಟೈಟ್ಲಿಸ್ಟ್ ತಗೊಳ್ಳಿ, ಕಂಪನಿ ಒಂದೇ: ಪಳಗಿದ ಆಟಗಾರರಿಗೆ ಮಾಡಿದ ಟಿ100ರಲ್ಲಿ 34 ಡಿಗ್ರಿ, ನಮ್ಮಂಥವರಿಗೆ ಮಾಡಿದ ಟಿ350ಯಲ್ಲಿ 29. ಒಂದು ಐರನ್‌ಗೂ ಮುಂದಿನದಕ್ಕೂ ಸಾಮಾನ್ಯವಾಗಿ 4 ಡಿಗ್ರಿ ಅಂತರ. ಹಾಗಾಗಿ ಹಳೆ ಲೆಕ್ಕದಲ್ಲಿ ನೀವು ಅಂಗಡಿಯಲ್ಲಿ ಹೊಡೆದದ್ದು 6 ಐರನ್, ಇಲ್ಲವೇ ಅದಕ್ಕಿಂತಲೂ ಕಡಿಮೆ ಲಾಫ್ಟಿನದು. ಅಡಿಯಲ್ಲಿ 7 ಅಂತ ಅಚ್ಚು ಹಾಕಿದ್ದಾರೆ ಅಷ್ಟೇ. ಶಾಫ್ಟ್ (ಕ್ಲಬ್ಬಿನ ಕೋಲು) ಕೂಡ ಸ್ವಲ್ಪ ಉದ್ದವಿರುತ್ತದೆ.

ಇದು ಪೂರ್ತಿ ಮೋಸ ಅಂತಲೂ ಹೇಳಲಾರೆ. ಹೊಸ ಹೆಡ್‌ಗಳಲ್ಲಿ ತೂಕ ತಳಕ್ಕೆ ಮತ್ತು ಹಿಂದಕ್ಕೆ ಇಳಿದಿದೆ. ಹಾಗಾಗಿ ಬಾಲ್ ತಾನಾಗೇ ಮೇಲೇಳುತ್ತದೆ. ಹಳೆ ಲಾಫ್ಟ್ ಹಾಗೇ ಇಟ್ಟಿದ್ದರೆ ತೀರಾ ಎತ್ತರ ಹೋಗಿ ದೂರ ಕಡಿಮೆಯಾಗುತ್ತಿತ್ತು, ಅದಕ್ಕೇ ಲಾಫ್ಟ್ ಇಳಿಸಿದರು. ಆದರೆ ಹೆಚ್ಚುವರಿ 20 ಯಾರ್ಡ್‌ಗೂ ಫರ್ಗಿವಿಂಗ್ ಗುಣಕ್ಕೂ ಸಂಬಂಧವಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವುದು ಈ ವ್ಯಾಪಾರದಲ್ಲಿ ಮಾಮೂಲಿ. ನೀವು ದುಡ್ಡು ಕೊಡಬೇಕಾದದ್ದು ಎರಡನೆಯದಕ್ಕೆ.

ಹಾಗಾದರೆ ಫರ್ಗಿವಿಂಗ್ ಅಂದರೆ ಏನನ್ನು ಅಳೆಯಬೇಕು? ಒಳ್ಳೆ ಹೊಡೆತಕ್ಕೂ ಕೆಟ್ಟ ಹೊಡೆತಕ್ಕೂ ಇರುವ ಅಂತರ. ಎರಡು ಕ್ಲಬ್ ಪರೀಕ್ಷೆ ಮಾಡಿದಿರಿ ಅಂದುಕೊಳ್ಳಿ. ಮೊದಲನೆಯದು 155, 152, 121, 149, 118. ಎರಡನೆಯದು 144, 141, 133, 143, 131. ಪರದೆಯ ಮೇಲೆ ಕಣ್ಣು ಹೋಗುವುದು 155ಕ್ಕೆ. ಆದರೆ 140 ಯಾರ್ಡ್‌ನ ಪಾರ್ 3 ಒಂದರಲ್ಲಿ, ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ಬಂಕರ್ (ಮರಳಿನ ಗುಂಡಿ) ಇದ್ದರೆ, ಎರಡನೇ ಕ್ಲಬ್ಬಿನ ಮೂರು ಬಾಲ್ ಗ್ರೀನ್ ಮೇಲಿರುತ್ತವೆ, ಎರಡು ಅದರ ಅಂಚಿನ ಹತ್ತಿರ. ಮೊದಲನೆಯದರಲ್ಲಿ ಮೂರು ಗ್ರೀನ್‌ನ ಹಿಂಭಾಗದಲ್ಲಿ ಅಥವಾ ಅದನ್ನೂ ದಾಟಿ, ಎರಡು ಬಂಕರ್‌ವರೆಗೂ ತಲುಪದೆ ಈಚೆಗೇ. ನಿಮ್ಮ ಹ್ಯಾಂಡಿಕ್ಯಾಪ್‌ಗೆ ಸ್ಕೋರ್ ಕೆಡುವುದು ಆ 118, 121ರಿಂದಲೇ.

ಕೆಟ್ಟ ಹೊಡೆತವನ್ನು ಕ್ಲಬ್ ಹೇಗೆ ಕಾಯುತ್ತದೆ ಅನ್ನುವುದು ಸರಳ ಭೌತಶಾಸ್ತ್ರ. ಬಾಲ್ ಮುಖದ ನಡುವೆ ಬೀಳದೆ ತುದಿಯಲ್ಲಿ, ಅಂದರೆ ಟೋ ಕಡೆ ಬಿದ್ದರೆ ಹೆಡ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ತಿರುಚಿದಷ್ಟೂ ವೇಗ ಹೋಯಿತು, ದಿಕ್ಕೂ ಹೋಯಿತು. ಬ್ಲೇಡ್‌ನಲ್ಲಿ ತೂಕವೆಲ್ಲ ನಡುವೆ ಗುಡ್ಡೆಯಾಗಿರುತ್ತದೆ, ಹಾಗಾಗಿ ಸುಲಭವಾಗಿ ತಿರುಗುತ್ತದೆ. ಕ್ಯಾವಿಟಿ ಬ್ಯಾಕ್‌ನಲ್ಲಿ ಹಿಂಭಾಗ ಟೊಳ್ಳು ಮಾಡಿ ಆ ತೂಕವನ್ನು ಎರಡು ತುದಿಗೆ ಹಂಚಿರುತ್ತಾರೆ. ಹೆಗಲ ಮೇಲೆ ಕಾವಡಿ ಹೊತ್ತವರನ್ನು ನೆನೆಸಿಕೊಳ್ಳಿ. ಎರಡೂ ಕೊಡ ತುಂಬಿದ್ದರೆ ಥಟ್ ಅಂತ ತಿರುಗೋಕೆ ಆಗುವುದಿಲ್ಲ. ಕ್ಯಾವಿಟಿ ಬ್ಯಾಕ್ ಹೆಡ್ ಕೂಡ ಹಾಗೇ ಹಟ ಹಿಡಿದು ನಿಲ್ಲುತ್ತದೆ. ಇದನ್ನೇ ಎಂಒಐ (ಮೊಮೆಂಟ್ ಆಫ್ ಇನರ್ಷಿಯಾ) ಜಾಸ್ತಿ ಅಂತ ಕಂಪನಿಗಳು ಬರೆಯುವುದು.

ಇದನ್ನು ದೊಡ್ಡ ಮಟ್ಟಕ್ಕೆ ತಂದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಂಜಿನಿಯರ್. ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸದಲ್ಲಿದ್ದಾಗ ನಡುವಯಸ್ಸಿನಲ್ಲಿ ಗಾಲ್ಫ್ ಹಿಡಿದರು. ಪಟಿಂಗ್ (ಬಾಲನ್ನು ಕುಳಿಗೆ ಉರುಳಿಸುವುದು) ಬರುತ್ತಿಲ್ಲ ಅಂತ 1959ರಲ್ಲಿ ತಾವೇ ಪಟರ್ ಮಾಡಿಕೊಂಡರು. ಪಿಂಗ್ ಕಂಪನಿ ಹುಟ್ಟಿದ್ದು ಹಾಗೆ. ತೂಕವನ್ನು ಅಂಚಿಗೆ ಹಂಚುವ ಅದೇ ಯೋಚನೆಯನ್ನು ಆಮೇಲೆ ಐರನ್‌ಗಳಿಗೂ ತಂದರು. 1980ರ ದಶಕದಲ್ಲಿ ಅವರ ಐ2 ಐರನ್‌ಗಳು ಎಲ್ಲೆಲ್ಲೂ ಕಾಣುತ್ತಿದ್ದವು. ನಿಮ್ಮ ಸ್ನೇಹಿತರಿಗೆ ಒಂದು ಮಾತು ಹೇಳಿ: 1989ರಲ್ಲಿ ರಾಯಲ್ ಟ್ರೂನ್‌ನಲ್ಲಿ ಮಾರ್ಕ್ ಕ್ಯಾಲ್ಕವೆಕಿಯಾ ಬ್ರಿಟಿಷ್ ಓಪನ್ ಗೆದ್ದದ್ದು ಅದೇ ಐ2 ಹಿಡಿದು. ಮೇಜರ್ ಗೆಲ್ಲುವಾತನ ಸ್ವಿಂಗ್ ಅದರಿಂದ ಕೆಡಲಿಲ್ಲ. ವಾರಕ್ಕೊಂದು ಸಲ ಆಡುವ ನಮ್ಮದು ಕೆಡುತ್ತದೆಯೇ?

‘ಬ್ಲೇಡ್ ಹಿಡಿದರೆ ಸ್ವಿಂಗ್ ತಾನಾಗೇ ಬರುತ್ತೆ’ ಅನ್ನುವ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ತಪ್ಪು ಹೊಡೆತದ ಪೆಟ್ಟು ಕೈಗೆ ಗೊತ್ತಾಗಬೇಕು ಅನ್ನುವುದು ಸರಿ. ಆದರೆ ಫರ್ಗಿವಿಂಗ್ ಐರನ್‌ನಲ್ಲೂ ಅದು ಗೊತ್ತಾಗುತ್ತದೆ. ಸದ್ದು ಬೇರೆ, ಬಾಲ್ ಹೋಗುವ ಎತ್ತರ ಬೇರೆ. ಶಿಕ್ಷೆ ಕಡಿಮೆ ಅಷ್ಟೇ. ಹತ್ತರಲ್ಲಿ ಎಂಟು ಬಾಲ್ ಕೈ ಝುಮ್ ಅನ್ನಿಸಿದರೆ ಕಲಿಯುವುದಕ್ಕಿಂತ ಹೆದರುವುದೇ ಹೆಚ್ಚು. ಹೆದರಿದ ಕೈ ಗ್ರಿಪ್ಪನ್ನು ಹಿಸುಕುತ್ತದೆ, ಸ್ವಿಂಗ್ ಇನ್ನೂ ಕೆಡುತ್ತದೆ.

ಫೋರ್ಜ್ಡ್ ವಿಷಯಕ್ಕೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಅದು ಹೆಡ್ ತಯಾರಿಸುವ ವಿಧಾನ. ಕಾಸಿ ಬಡಿದು ಮಾಡಿದರೆ ಫೋರ್ಜ್ಡ್, ಕರಗಿಸಿ ಅಚ್ಚಿಗೆ ಹೊಯ್ದರೆ ಕ್ಯಾಸ್ಟ್. ಫರ್ಗಿವಿಂಗ್ ಗುಣ ಬರುವುದು ಆಕಾರದಿಂದ, ತೂಕ ಎಲ್ಲಿದೆ ಅನ್ನುವುದರಿಂದ. ಫೋರ್ಜ್ಡ್ ಕ್ಯಾವಿಟಿ ಬ್ಯಾಕ್ ಕೂಡ ಇದೆ. ಮೆದು ಫೋರ್ಜ್ಡ್ ಹೆಡ್‌ನ ನಿಜವಾದ ಲಾಭ ಅಂದರೆ ಲೈ ಆ್ಯಂಗಲ್ (ಶಾಫ್ಟ್ ನೆಲದ ಕಡೆ ವಾಲಿರುವ ಕೋನ) ಬಗ್ಗಿಸುವುದು ಸುಲಭ. ಅದು ಯಾಕೆ ಬೇಕಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿಗೆ ಮತ್ತೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮನೆಯಿಂದ ಟಾಲ್ಕಂ ಪೌಡರ್ ಡಬ್ಬಿ, ಒಂದು ಬಟ್ಟೆ ತಗೊಂಡು ಅಭ್ಯಾಸದ ರೇಂಜಿಗೆ ಹೋಗಿ. ಈಗಿರುವ 7 ಐರನ್ ಮುಖಕ್ಕೆ ತೆಳ್ಳಗೆ ಪೌಡರ್ ಸವರಿ. ಜಾಸ್ತಿ ಬೇಡ, ಗ್ರೂವ್ ಗೆರೆಗಳು ಮಸುಕಾಗಿ ಕಾಣುವಷ್ಟು ಸಾಕು. ಒಂದು ಬಾಲ್ ಹೊಡೆಯಿರಿ. ಮುಖದ ಮೇಲೆ ಹತ್ತು ಪೈಸೆ ಅಗಲದ ಗುಂಡಗಿನ ಗುರುತು ಬಿದ್ದಿರುತ್ತದೆ, ಬಾಲ್‌ನ ಗುಳಿಗಳ ಅಚ್ಚೂ ಕಾಣುತ್ತದೆ. ಫೋನಲ್ಲಿ ಫೋಟೊ ತಗೊಳ್ಳಿ, ಒರೆಸಿ, ಮತ್ತೆ ಸವರಿ. ಹದಿನೈದು ಇಪ್ಪತ್ತು ಬಾಲ್ ಹೀಗೆ. ಒಳ್ಳೆಯದು ಬಂದಾಗ ಮಾತ್ರ ಫೋಟೊ ತೆಗೆಯುವ ಆಸೆ ಬೇಡ, ಎಲ್ಲವನ್ನೂ ತೆಗೆಯಿರಿ. ಮನೆಗೆ ಬಂದು ಫೋಟೊಗಳನ್ನು ಒಟ್ಟಿಗೆ ನೋಡಿದರೆ ನಿಮಗೆ ಎಂಥ ಐರನ್ ಬೇಕು ಅನ್ನುವುದು ಅರ್ಧ ಗೊತ್ತಾಗಿರುತ್ತದೆ.

ಗುರುತುಗಳು ಎತ್ತರದಲ್ಲಿ ಸರಿಯಿದ್ದು ಅಡ್ಡಕ್ಕೆ ಹರಡಿದ್ದರೆ, ಒಂದು ಟೋ ಕಡೆ, ಒಂದು ಹೀಲ್ (ಶಾಫ್ಟ್ ಹತ್ತಿರದ ತುದಿ) ಕಡೆ ಅಂತ, ಆಗ ನಿಮಗೆ ಬೇಕಿರುವುದು ಎಂಒಐ. ಅಂದರೆ ಮುಖ ಸ್ವಲ್ಪ ಉದ್ದವಿರುವ, ತೂಕ ಎರಡು ತುದಿಗೆ ಹೋಗಿರುವ ಕ್ಯಾವಿಟಿ ಬ್ಯಾಕ್. ಗುರುತುಗಳು ಮುಖದ ತಳದಲ್ಲೇ, ಕೆಳಗಿನ ಒಂದೆರಡು ಗ್ರೂವ್ ಹತ್ತಿರ ಗುಂಪಾಗಿದ್ದರೆ ಕಥೆ ಬೇರೆ. ನೀವು ಥಿನ್ ಹೊಡೆಯುತ್ತಿದ್ದೀರಿ. ಹವ್ಯಾಸಿಗಳಲ್ಲಿ ಇದೇ ಹೆಚ್ಚು. ಇದಕ್ಕೆ ಉದ್ದದ ಮುಖ ಏನೂ ಮಾಡದು. ತೂಕ ತೀರಾ ತಳದಲ್ಲಿರುವ ಹೆಡ್ ಬೇಕು, ಆಗ ಕೆಳಗೆ ತಗುಲಿದ ಬಾಲ್ ಕೂಡ ಏಳುತ್ತದೆ. ಅಂಗಡಿಯಲ್ಲಿ ಎರಡೂ ಗುಣಕ್ಕೆ ಒಂದೇ ಹೆಸರು ಹೇಳುತ್ತಾರೆ, ಹಾಗಾಗಿ ಈ ವ್ಯತ್ಯಾಸ ನೀವೇ ನೆನಪಿಟ್ಟುಕೊಳ್ಳಬೇಕು.

ಇನ್ನು ಫ್ಯಾಟ್, ಅಂದರೆ ಬಾಲ್‌ಗಿಂತ ಮೊದಲೇ ನೆಲ ಅಗೆಯುವುದು. ಇದಕ್ಕೆ ಸಹಾಯ ಮಾಡುವುದು ಸೋಲ್‌ನ, ಅಂದರೆ ಕ್ಲಬ್ ತಳದ, ಅಗಲ. ಅಗಲ ಸೋಲ್, ಮುಂದಿನ ಅಂಚು ದುಂಡಗಿದ್ದರೆ, ನೆಲದಲ್ಲಿ ಹೂತುಕೊಳ್ಳದೆ ಜಾರುತ್ತದೆ. ಮಳೆಗಾಲದಲ್ಲಿ ನೆಲ ಮೆತ್ತಗಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಮಾರ್ಚ್ ಏಪ್ರಿಲ್‌ನಲ್ಲಿ ಫೇರ್‌ವೇ ಗಟ್ಟಿಯಾದಾಗ, ನೀವು ಬಾಲನ್ನು ಗುಡಿಸಿದ ಹಾಗೆ ಹೊಡೆಯುವವರಾದರೆ, ತೀರಾ ಅಗಲದ ಸೋಲ್ ನೆಲಕ್ಕೆ ಬಡಿದು ಪುಟಿದು ಬಾಲ್‌ನ ಹೊಟ್ಟೆಗೆ ತಗುಲುತ್ತದೆ. ಹಾಗಾಗಿ ಸೂಪರ್ ಗೇಮ್ ಇಂಪ್ರೂವ್‌ಮೆಂಟ್ ಅಂತ ಮಾರುವ, ನೋಡೋಕೆ ಹೈಬ್ರಿಡ್ (ಐರನ್‌ಗೂ ವುಡ್‌ಗೂ ನಡುವಿನ ಕ್ಲಬ್) ಥರ ಇರುವ ದಪ್ಪ ಐರನ್‌ಗಳಿಗೆ ನೇರವಾಗಿ ಹೋಗಬೇಡಿ. ಮಧ್ಯಮ ಅಗಲ ಸಾಕು.

ಇಲ್ಲೊಂದು ಬಲೆ ಇದೆ. ಅಂಗಡಿಗಳಲ್ಲಿ ಹೊಡೆಸುವುದು ಮ್ಯಾಟ್ ಮೇಲೆ. ಎರಡು ಇಂಚು ಹಿಂದೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಬಾಲ್‌ಗೆ ತಲುಪುತ್ತದೆ. ಪರದೆಯಲ್ಲಿ ಚೆಂದದ ನಂಬರ್ ಬರುತ್ತದೆ. ಅದೇ ಹೊಡೆತ ಹುಲ್ಲಿನ ಮೇಲೆ ಆಗಿದ್ದರೆ ಮಣ್ಣಿನ ಹೆಂಟೆ ಬಾಲ್‌ಗಿಂತ ದೂರ ಹೋಗುತ್ತಿತ್ತು. ಸಾಧ್ಯವಾದರೆ ಡೆಮೊ ಕ್ಲಬ್ ಕೇಳಿ ತಗೊಂಡು ಹುಲ್ಲಿನ ಮೇಲೆ ಹೊಡೆಯಿರಿ. ಬೆಂಗಳೂರಿನ ಫಿಟಿಂಗ್ ಅಂಗಡಿಗಳಲ್ಲಿ ಕೇಳಿದರೆ ತಪ್ಪೇನಿಲ್ಲ. ಒಂದು ಲಕ್ಷ ಖರ್ಚು ಮಾಡುವವರು ನೀವು.

ಪರದೆ ಮುಂದೆ ನಿಂತಾಗ ದೂರ ಬಿಟ್ಟು ಇನ್ನೊಂದು ನಂಬರ್ ನೋಡಿ: ಬಾಲ್ ನೆಲಕ್ಕೆ ಇಳಿಯುವ ಕೋನ. 7 ಐರನ್‌ನಲ್ಲಿ ಅದು 45 ಡಿಗ್ರಿ ಹತ್ತಿರ ಇರಬೇಕು. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಬಾಲ್ ಗ್ರೀನ್ ಮೇಲೆ ಬಿದ್ದು ಮುಂದಕ್ಕೆ ಓಡಿಹೋಗುತ್ತದೆ, ನಿಲ್ಲುವುದಿಲ್ಲ. ಹೊಡೆತ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಕಂಪನಿ ಪ್ರಕಟಿಸಿದ್ದ ಸರಾಸರಿಗಳಲ್ಲಿ ಅಮೆರಿಕದ ಪುರುಷರ ಪ್ರೊ ಟೂರ್‌ನಲ್ಲಿ 7 ಐರನ್ ಗಾಳಿಯಲ್ಲಿ 172 ಯಾರ್ಡ್ ಹೋಗಿ 50 ಡಿಗ್ರಿಯಲ್ಲಿ ಇಳಿಯುತ್ತದೆ. ಮಹಿಳೆಯರ ಎಲ್‌ಪಿಜಿಎಯಲ್ಲಿ 141 ಯಾರ್ಡ್, 47 ಡಿಗ್ರಿ. ನಮ್ಮ ಸ್ವಿಂಗ್ ವೇಗ ಹೆಚ್ಚೂ ಕಡಿಮೆ ಎಲ್‌ಪಿಜಿಎ ಆಟಗಾರ್ತಿಯರದ್ದಕ್ಕೆ ಹತ್ತಿರ. ಹಾಗಾಗಿ ಟಿವಿಯಲ್ಲಿ ಗಂಡಸರ ಆಟ ನೋಡಿ ಕ್ಲಬ್ ಕೊಳ್ಳುವುದಕ್ಕಿಂತ ಆ ಆಟಗಾರ್ತಿಯರ ಆಟ ನೋಡಿ ಕೊಳ್ಳುವುದು ವಾಸಿ.

ನಿಮ್ಮ ವೇಗಕ್ಕೆ 28, 29 ಡಿಗ್ರಿಯ 7 ಐರನ್ ಎತ್ತರ ಹೋಗದೆ ಚಪ್ಪಟೆಯಾಗಿ ಹೋಗುವ ಸಾಧ್ಯತೆ ಇದೆ. 155ರಲ್ಲಿ ಎಷ್ಟು ಗಾಳಿಯಲ್ಲಿ, ಎಷ್ಟು ಉರುಳಿ ಅಂತ ಕೇಳಿ. ಕಂಪನಿಗಳಿಗೂ ಈ ತೊಂದರೆ ಗೊತ್ತು. ಅದಕ್ಕೇ ಟೇಲರ್‌ಮೇಡ್ ಕ್ಯೂಐ ಎಚ್‌ಎಲ್, ಕ್ಯಾಲವೇ ಎಐ ಸ್ಮೋಕ್ ಎಚ್‌ಎಲ್ ಥರದ, ಲಾಫ್ಟ್ ಸ್ವಲ್ಪ ಹೆಚ್ಚಿಟ್ಟ ಸೆಟ್‌ಗಳನ್ನು 2024ರಲ್ಲಿ ಬಿಟ್ಟರು. ನಿಮ್ಮ ಇಳಿಯುವ ಕೋನ 40ರ ಆಸುಪಾಸಿನಲ್ಲೇ ನಿಂತರೆ ಈ ಥರದ್ದನ್ನು ಹೊಡೆದು ನೋಡಿ. ಪರದೆಯಲ್ಲಿ ದೂರ ಹತ್ತು ಯಾರ್ಡ್ ಇಳಿಯಬಹುದು, ಆದರೆ ಬಾಲ್ ಗ್ರೀನ್ ಮೇಲೆ ನಿಲ್ಲುತ್ತದೆ.

ನಮ್ಮೂರಿನ ಒಂದು ವಿಷಯವನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಬಾಲ್ ನೂರಕ್ಕೆ ಮೂರು ಪಾಲಿನಷ್ಟು ಜಾಸ್ತಿ ಹೋಗುತ್ತದೆ. ಇಲ್ಲಿ 155 ಅಂದರೆ ಮಂಗಳೂರಿನ ಪಿಲಿಕುಳದಲ್ಲೋ ಚೆನ್ನೈಯಲ್ಲೋ 150. ಕೆಲವು ಲಾಂಚ್ ಮಾನಿಟರ್‌ಗಳಲ್ಲಿ (ಅಂಗಡಿಯಲ್ಲಿ ಹೊಡೆತ ಅಳೆಯುವ ಯಂತ್ರ) ಸಮುದ್ರಮಟ್ಟಕ್ಕೆ ಹೊಂದಿಸಿದ ಲೆಕ್ಕ ಇಟ್ಟಿರುತ್ತಾರೆ, ಕೆಲವದರಲ್ಲಿ ಇಲ್ಲ. ಎರಡು ಅಂಗಡಿಯ ನಂಬರ್ ಹೋಲಿಸುವಾಗ ಇದನ್ನು ಕೇಳದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಈಗ ಸೆಟ್ ಹೇಗಿರಬೇಕು ಅನ್ನುವುದು. ಲಾಫ್ಟ್ ಇಳಿಸಿದ್ದರ ಬಿಲ್ ಬರುವುದು ಇಲ್ಲಿ. ಈಗಿನ ಅನೇಕ ಸೆಟ್‌ಗಳಲ್ಲಿ 5 ಐರನ್ 22ರಿಂದ 24 ಡಿಗ್ರಿ. ಒಂದು ಕಾಲದಲ್ಲಿ 3 ಐರನ್ ಇದ್ದದ್ದು ಹಾಗೆ, ಅದನ್ನು ಹೊಡೆಯೋಕೆ ಯಾರಿಗೂ ಬರುತ್ತಿರಲಿಲ್ಲ. ಹೆಸರು ಬದಲಾಯಿಸಿದ ಮಾತ್ರಕ್ಕೆ ನಮಗೆ ಬರುತ್ತದೆಯೇ? ಹೆಡ್ ಸುಧಾರಿಸಿದೆ ನಿಜ, ಆದರೂ ನಿಮ್ಮ ವೇಗಕ್ಕೆ ಅದು ಕಷ್ಟವೇ. 6ರಿಂದ ಪಿಚಿಂಗ್ ವೆಜ್‌ವರೆಗೆ (ವೆಜ್ ಅಂದರೆ ಹತ್ತಿರದ ಹೊಡೆತಕ್ಕಿರುವ ಹೆಚ್ಚು ಲಾಫ್ಟಿನ ಕ್ಲಬ್) ಐದು ಐರನ್ ತಗೊಂಡು, ಅದರ ಮೇಲೆ ಒಂದೆರಡು ಹೈಬ್ರಿಡ್ ಇಟ್ಟುಕೊಳ್ಳಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಡ್ರೈವಿಂಗ್ ದೂರದಲ್ಲಿ ಹಿಂದುಳಿದವರ ಸಾಲಿನಲ್ಲಿದ್ದರು. ಬೇರೆಯವರು ಐರನ್ ಹಿಡಿದ ಕಡೆ ಹೈಬ್ರಿಡ್, ವುಡ್ ಹಿಡಿದು ಗ್ರೀನ್ ಮುಟ್ಟಿಸಿದರು.

ಕೆಳಗಿನ ತುದಿಯಲ್ಲೂ ತೂತು ಬೀಳುತ್ತದೆ. ಜಿ430ಯ ಪಿಚಿಂಗ್ ವೆಜ್ 41 ಡಿಗ್ರಿ. ನಿಮ್ಮ ಬ್ಯಾಗಿನಲ್ಲಿರುವ ಸ್ಯಾಂಡ್ ವೆಜ್ 56 ಇರಬಹುದು. ನಡುವೆ 15 ಡಿಗ್ರಿ ಖಾಲಿ. 80 ಯಾರ್ಡ್‌ನಿಂದ 110 ಯಾರ್ಡ್‌ವರೆಗೆ ಪೂರ್ತಿ ಸ್ವಿಂಗ್ ಮಾಡೋಕೆ ಕ್ಲಬ್ಬೇ ಇರುವುದಿಲ್ಲ. 46 ಮತ್ತು 51ರ ಹತ್ತಿರದ ಎರಡು ವೆಜ್ ಸೇರಿಸಬೇಕಾಗುತ್ತದೆ. ಒಂದು ಲಕ್ಷದ ಬಜೆಟ್‌ನಲ್ಲಿ ಇದನ್ನು ಮೊದಲೇ ತೆಗೆದಿಡಿ. ಮೊದಲನೇ ವೆಜ್ ಸೆಟ್ಟಿನದ್ದೇ ಆಗಿರಲಿ, ಅದೂ ಫರ್ಗಿವಿಂಗ್ ಆಗಿರುತ್ತದೆ. ಒಟ್ಟು 14 ಕ್ಲಬ್ ಅನ್ನುವ ನಿಯಮ ನಿಮಗೆ ಗೊತ್ತೇ ಇದೆ, ಈ ಲೆಕ್ಕದಲ್ಲಿ ಅದು ಮೀರುವುದಿಲ್ಲ.

ಶಾಫ್ಟ್ ಬಗ್ಗೆ ಜನ ಹೆಡ್‌ಗಿಂತ ಕಡಿಮೆ ಯೋಚಿಸುತ್ತಾರೆ. ಹಳೆ ಬ್ಲೇಡ್‌ಗಳಲ್ಲಿ ಸಾಮಾನ್ಯವಾಗಿ 120, 130 ಗ್ರಾಮ್‌ನ ಸ್ಟೀಲ್ ಶಾಫ್ಟ್ ಇರುತ್ತದೆ. ಹದಿನಾಲ್ಕನೇ ಹೋಲ್ ಹೊತ್ತಿಗೆ ಅದು ಕೈಗೆ ಭಾರ. 95, 100 ಗ್ರಾಮ್‌ನ ಹಗುರ ಸ್ಟೀಲ್ ಅಥವಾ 60-70 ಗ್ರಾಮ್‌ನ ಗ್ರಾಫೈಟ್ ಎರಡನ್ನೂ ಹೊಡೆದು ನೋಡಿ. ಮೊಣಕೈ, ಮಣಿಕಟ್ಟು ನೋವಿದ್ದರೆ, ಇಡೀ ದಿನ ಕೀಬೋರ್ಡ್ ಕುಟ್ಟುವವರಿಗೆ ಇರುವುದೇ ಹೆಚ್ಚು, ಗ್ರಾಫೈಟ್‌ಗೆ ಹೋಗಿ. ‘ಅದು ವಯಸ್ಸಾದವರಿಗೆ’ ಅನ್ನುವ ಮಾತು ಹಳೇದಾಯಿತು. ರೆಗ್ಯುಲರ್, ಸ್ಟಿಫ್ ಅನ್ನುವ ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ಅಳತೆಯಿಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಥರ ಇರಬಹುದು. ಅಕ್ಷರ ನೋಡಬೇಡಿ, ಹೊಡೆದು ನೋಡಿ.

ಲೈ ಆ್ಯಂಗಲ್ ಹೇಳುತ್ತೇನೆ ಅಂದಿದ್ದೆ. ಬಾಲ್ ಹಿಂಭಾಗಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ದಪ್ಪಗೆ ಒಂದು ನೆಟ್ಟಗಿನ ಗೆರೆ ಎಳೆಯಿರಿ, ಆ ಗೆರೆ ಕ್ಲಬ್ ಮುಖಕ್ಕೆ ತಗುಲುವಂತೆ ಇಟ್ಟು ಹೊಡೆಯಿರಿ. ಗೆರೆ ಮುಖದ ಮೇಲೆ ಅಚ್ಚೊತ್ತುತ್ತದೆ. ಗ್ರೂವ್‌ಗಳಿಗೆ ನೇರ ಅಡ್ಡವಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಟೋ ಕಡೆ ವಾಲಿದ್ದರೆ ಕ್ಲಬ್ ನಿಮಗೆ ತೀರಾ ನೆಟ್ಟಗಿದೆ, ಬಲಗೈ ಆಟಗಾರರಾದರೆ ಬಾಲ್ ಎಡಕ್ಕೆ ಹೋಗುತ್ತದೆ. ಹೀಲ್ ಕಡೆ ವಾಲಿದ್ದರೆ ಉಲ್ಟಾ. ಎಷ್ಟೋ ಜನ ಸ್ವಿಂಗ್ ತಪ್ಪು ಅಂತ ವರ್ಷಗಟ್ಟಲೆ ಒದ್ದಾಡುವುದು ಈ ಒಂದೆರಡು ಡಿಗ್ರಿಗೆ. ಮುಖ ಎಷ್ಟೇ ಫರ್ಗಿವಿಂಗ್ ಆದರೂ ತಪ್ಪು ಲೈ ಅನ್ನು ಅದು ಮುಚ್ಚುವುದಿಲ್ಲ. ಕ್ಯಾಸ್ಟ್ ಹೆಡ್ ಆಮೇಲೆ ಬಗ್ಗಿಸುವುದು ಕಷ್ಟ, ಕೆಲವು ಮುರಿದೇ ಹೋಗುತ್ತವೆ. ಹಾಗಾಗಿ ಆರ್ಡರ್ ಮಾಡುವಾಗಲೇ ಸರಿಯಾದ ಲೈ ಹೇಳಿ ತರಿಸಿ. ಪಿಂಗ್‌ನವರು ಇದಕ್ಕೆ ಬಣ್ಣದ ಚುಕ್ಕೆ ಇಟ್ಟಿದ್ದಾರೆ, ಕಪ್ಪು ಅಂದರೆ ಮಾಮೂಲಿ ಲೈ.

ಆಫ್‌ಸೆಟ್ ಬಗ್ಗೆ ಎರಡೇ ಮಾತು. ಮುಖ ಶಾಫ್ಟ್‌ಗಿಂತ ಸ್ವಲ್ಪ ಹಿಂದೆ ಇರುವುದು ಆಫ್‌ಸೆಟ್. ನಿಮ್ಮ ಬಾಲ್ ಬಲಕ್ಕೆ ಬಾಗುವುದಾದರೆ ಇದು ಸ್ವಲ್ಪ ಸಹಾಯ, ಎಡಕ್ಕೆ ಬಾಗುವುದಾದರೆ ಕಡಿಮೆ ಆಫ್‌ಸೆಟ್ ಇರುವುದನ್ನೇ ಹುಡುಕಿ.

ನಿಮ್ಮ ಆಟ ತಿಂಗಳುಗಟ್ಟಲೆ ನೋಡಿದ ಕ್ಯಾಡಿ ಇದ್ದರೆ ಅವರನ್ನೂ ಕೇಳಿ. ನೀವು ಮರೆತ ಕೆಟ್ಟ ಹೊಡೆತಗಳೆಲ್ಲ ಅವರಿಗೆ ನೆನಪಿರುತ್ತವೆ, ಬಾಲ್ ಹುಡುಕಿದ್ದು ಅವರೇ ಅಲ್ವಾ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಶುರು ಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ಬ್ಯಾಗ್ ಹೊರುವವರಿಗೆ ಆಟ ಗೊತ್ತಿಲ್ಲ ಅಂದುಕೊಳ್ಳಬೇಡಿ.

ಕೊನೆಗೆ ದುಡ್ಡಿನ ಮಾತು. ಹೊಸದೇ ಬೇಕು ಅಂತಿಲ್ಲ. ಐರನ್ ತಂತ್ರಜ್ಞಾನ ನಾಲ್ಕೈದು ವರ್ಷದಲ್ಲಿ ನಿಮ್ಮ ಸ್ಕೋರ್ ಬದಲಿಸುವಷ್ಟೇನೂ ಓಡುವುದಿಲ್ಲ. ಪಿಂಗ್ ಜಿ425, ಜಿ410 ಥರದ ಹಿಂದಿನ ಪೀಳಿಗೆಯ ಸೆಟ್ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ನಾನಾದರೆ ಅದನ್ನೇ ನೋಡುತ್ತೇನೆ. ಉಳಿದ ದುಡ್ಡು ಒಳ್ಳೆ ಕೋಚ್ ಹತ್ತಿರ ಪಾಠಕ್ಕೆ, ವೆಜ್‌ಗಳಿಗೆ ಆಗುತ್ತದೆ. ಆದರೆ ಫಿಟಿಂಗ್ ಮೊದಲು ಮಾಡಿಸಿ, ಲೈ, ಉದ್ದ, ಶಾಫ್ಟ್ ತೂಕ ಬರೆದಿಟ್ಟುಕೊಂಡು ಆಮೇಲೆ ಹುಡುಕಿ. ಆನ್‌ಲೈನ್‌ನಲ್ಲಿ ನಂಬಲಾಗದ ಬೆಲೆಗೆ ಸಿಗುವ ಹೊಸ ಬ್ರ್ಯಾಂಡೆಡ್ ಸೆಟ್ ಕಂಡರೆ ದೂರ ಇರಿ, ಗಾಲ್ಫ್ ಕ್ಲಬ್‌ಗಳಲ್ಲಿ ನಕಲಿ ಬಹಳ. ಪಿಂಗ್‌ನಲ್ಲಿ ಹೊಸೆಲ್ (ಶಾಫ್ಟ್ ಸೇರುವ ಹೆಡ್‌ನ ಕುತ್ತಿಗೆ) ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಆ ಸೆಟ್ ಯಾವ ಅಳತೆಗೆ ಮಾಡಿದ್ದು ಅನ್ನುವ ದಾಖಲೆ ಕಂಪನಿ ಹತ್ತಿರ ಸಿಗುತ್ತದೆ. ಎಲ್ಲ ಐರನ್‌ಗಳಲ್ಲೂ ನಂಬರ್ ಒಂದೇ ಇದೆಯಾ ನೋಡಿ. 8, 9 ಐರನ್ ಮತ್ತು ವೆಜ್‌ಗಳ ಗ್ರೂವ್ ಅಂಚಿಗೆ ಉಗುರು ತಾಗಿಸಿ ನೋಡಿ, ನುಣುಪಾಗಿದ್ದರೆ ಬೆಲೆ ಇಳಿಸಿ ಕೇಳಿ. ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಎಲ್ಲವನ್ನೂ ಬದಲಿಸಿ, ಆ ಖರ್ಚನ್ನೂ ಚೌಕಾಸಿಗೆ ಸೇರಿಸಿಕೊಳ್ಳಿ.